ಓಟ ಮುಗಿದ ಮೇಲೆ ರಸ್ತೆ ತುಂಬ ಕಪ್: ಧಾರವಾಡದ ನಮ್ಮ ಓಟಕ್ಕೆ ಈ ಸಲ ಏನು ಮಾಡೋಣ?

ಸಪ್ತಾಪುರದ ಓಟಗಾರ್ತಿ

ಎಲ್ಲರಿಗೂ ನಮಸ್ಕಾರ. ಚಳಿ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಭಾನುವಾರದ ಓಟಗಳು ಶುರುವಾಗುತ್ತವೆ. ನಮ್ಮ ಓಣಿಯ ಬಳಗವೂ ಜನವರಿಯಲ್ಲಿ ಒಂದು ಓಟ ಇಟ್ಟುಕೊಂಡಿದೆ. 5 ಮತ್ತು 10 ಕಿಲೋಮೀಟರ್. ಕೆಸಿಡಿ (ಕರ್ನಾಟಕ ಕಾಲೇಜು) ಕಡೆಯಿಂದ ಹೊರಟು, ವಿಶ್ವವಿದ್ಯಾಲಯದ ದಾರಿ ಹಿಡಿದು, ಕೆಲಗೇರಿ ಕೆರೆಯ ಕಡೆ ಹೋಗಿ ಬರುವುದು. ಸುಮಾರು ಸಾವಿರ ಜನ ಬರಬಹುದು ಅಂತ ಅಂದಾಜು.

ಹಣ, ಪೊಲೀಸ್ ಅನುಮತಿ, ಆಂಬುಲೆನ್ಸ್ ಎಲ್ಲದಕ್ಕೂ ಒಬ್ಬೊಬ್ಬರು ನಿಂತಿದ್ದಾರೆ. ಕಸದ ಜವಾಬ್ದಾರಿ ನಾನು ಕೇಳಿ ತೆಗೆದುಕೊಂಡೆ. ಮೊದಲು ಒಂದು ಸಣ್ಣ ಲೆಕ್ಕ ಹಾಕಿದೆ. ಸಾವಿರ ಜನ, ದಾರಿಯಲ್ಲಿ 4 ಕಡೆ ನೀರು, ಒಬ್ಬೊಬ್ಬರು ಒಂದು ಕಡೆ 2 ಕಪ್ ಎತ್ತಿಕೊಂಡರೆ 8 ಸಾವಿರ ಕಪ್. ಎರಡು ತಾಸಿನ ಓಟಕ್ಕೆ 8 ಸಾವಿರ ಕಪ್! ಇದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಓಆರ್‌ಎಸ್ ಪ್ಯಾಕೆಟ್, ಜೆಲ್ (ಓಡುವಾಗ ಶಕ್ತಿಗೆಂದು ಹೀರುವ ಸಿಹಿ ಪಾಕ) ಕವರ್, ಟೀ ಶರ್ಟ್ ಸುತ್ತಿದ ಪ್ಲಾಸ್ಟಿಕ್, ನಾಷ್ಟಾದ ತಟ್ಟೆ ಇನ್ನೂ ಸೇರಿಲ್ಲ.

ಓಟ ಆದಮೇಲೆ ಎಲ್ಲರೂ ಸೇರಿ ಆರಿಸಿದರಾಯಿತು ಎಂದು ಬಳಗದಲ್ಲಿ ಕೆಲವರು ಹೇಳುತ್ತಾರೆ. ಆರಿಸುವುದು ಬೇಕೇ ಬೇಕು. ಆದರೆ ಅಷ್ಟೊತ್ತಿಗೆ ಅರ್ಧ ಕಪ್ ಗಟಾರ ಸೇರಿರುತ್ತವೆ. ನಮ್ಮೂರಿನ ಗಾಳಿ ನಿಮಗೆ ಗೊತ್ತೇ ಇದೆ. ಕೆರೆಯ ದಂಡೆಯ ಹತ್ತಿರ ಹಗುರ ಕಪ್ ಬಿದ್ದರೆ ಅದು ನೀರಿಗೆ ಹೋಗಲು ಎಷ್ಟು ಹೊತ್ತು ಬೇಕು? ಓಟದ ಕಸ ಎಷ್ಟಾಗಬೇಕು ಎನ್ನುವುದು ಸಾಮಾನಿನ ಪಟ್ಟಿ ಬರೆಯುವ ದಿನವೇ ತೀರ್ಮಾನವಾಗುತ್ತದೆ ಅಂತ ನನಗೆ ಅನ್ನಿಸುತ್ತಿದೆ. ನಾವು 8 ಸಾವಿರ ಕಪ್ ತರಿಸಿದರೆ 8 ಸಾವಿರ ಕಪ್ ಬೀಳುತ್ತವೆ. ತರಿಸದಿದ್ದರೆ ಬೀಳುವುದಿಲ್ಲ.

ಹಾಗಾದರೆ ನೀರು ಕೊಡುವುದು ಹೇಗೆ? ನೀರಿನ ಟೇಬಲ್ ಹಿಂದೆ ನಿಂತು ಅನುಭವ ಇರುವವರು ದಯವಿಟ್ಟು ಬರೆಯಿರಿ.

ವಿದ್ಯಾನಗರ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ ಅಕ್ಕಾ. ನಾನು ಓಡುವುದು ಕಡಿಮೆ, ಟೇಬಲ್ ಹಿಂದೆ ನಿಲ್ಲುವುದೇ ಜಾಸ್ತಿ. ಅಲ್ಲಿ ನಿಂತು ನೋಡಿದರೆ ಒಂದು ವಿಷಯ ಬೇಗ ತಿಳಿಯುತ್ತದೆ. ಜನ ಕೆಟ್ಟವರಾಗಿ ಕಪ್ ಬಿಸಾಡುವುದಿಲ್ಲ. ಕುಡಿದು ಮುಗಿಸುವ ಜಾಗದಲ್ಲಿ ಬುಟ್ಟಿ ಇರುವುದಿಲ್ಲ.

ನಾವು ಬುಟ್ಟಿಯನ್ನು ಟೇಬಲ್ ಪಕ್ಕದಲ್ಲೇ ಇಡುತ್ತೇವೆ. ಓಡುವವರು ಕಪ್ ತೆಗೆದುಕೊಳ್ಳುವುದು ಅಲ್ಲಿ, ಕುಡಿದು ಮುಗಿಸುವುದು ಐವತ್ತು ಹೆಜ್ಜೆ ಮುಂದೆ. ಆಗ ಕೈಯಲ್ಲಿ ಖಾಲಿ ಕಪ್, ಬುಟ್ಟಿ ಹಿಂದೆ ಉಳಿದಿದೆ. ಓಟದಲ್ಲಿ ಯಾರೂ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಮೊದಲ ಬುಟ್ಟಿ ಟೇಬಲ್‌ನಿಂದ 30 ಮೀಟರ್ ಮುಂದೆ, ಎರಡನೆಯದು 60ಕ್ಕೆ, ಮೂರನೆಯದು 100ಕ್ಕೆ ಇಡಬೇಕು. ದೊಡ್ಡದಾಗಿರಬೇಕು, ಬಾಯಿ ಅಗಲ ಇರಬೇಕು, ದೂರದಿಂದ ಕಾಣಬೇಕು. ಮುಚ್ಚಳದ ಡಬ್ಬಿ ಬೇಡವೇ ಬೇಡ. ಓಡುತ್ತಿರುವವರು ಮುಚ್ಚಳ ತೆಗೆದು ಹಾಕುತ್ತಾರಾ?

ಕೊನೆಯ ಬುಟ್ಟಿಯ ಹತ್ತಿರ "ಇದೇ ಕೊನೆಯದು" ಎಂದು ಕೂಗುವ ಒಬ್ಬ ಹುಡುಗನನ್ನು ನಿಲ್ಲಿಸಿ. ಫಲಕಕ್ಕಿಂತ ಕೂಗು ಚೆನ್ನಾಗಿ ಕೆಲಸ ಮಾಡುತ್ತದೆ. ಹೆಸರು ಅಥವಾ ಬಿಬ್ (ಎದೆಯ ಮೇಲಿನ ಚೀಟಿ) ನಂಬರ್ ಹಿಡಿದು ಕೂಗಿದರೆ ಇನ್ನೂ ಚೆನ್ನ.

ಇನ್ನೊಂದು ಮಾತು. 200 ಮಿಲಿ ಪ್ಲಾಸ್ಟಿಕ್ ಬಾಟಲಿಯನ್ನು ಯಾರಾದರೂ ದಾನ ಕೊಡುತ್ತೇವೆ ಎಂದರೆ ನಯವಾಗಿ ಬೇಡ ಎನ್ನಿ. ಓಡುವವರು ಎರಡು ಗುಟುಕು ಕುಡಿದು ಮುಕ್ಕಾಲು ಬಾಟಲಿ ನೀರಿನ ಜೊತೆಗೇ ಎಸೆಯುತ್ತಾರೆ. ರಸ್ತೆಯಲ್ಲಿ ಉರುಳುವ ಬಾಟಲಿ ಮೇಲೆ ಕಾಲಿಟ್ಟು ಹಿಂದಿನವರು ಬೀಳುತ್ತಾರೆ. ಕಸವೂ ಹೌದು, ಅಪಾಯವೂ ಹೌದು.

ಹಳೇ ಹುಬ್ಬಳ್ಳಿ ಹುಡುಗ

ಬುಟ್ಟಿ, ಕೂಗು ಎಲ್ಲ ಸರಿ ಸರ್. ಆದರೆ ಕಪ್ ಇಲ್ಲದ ಓಟ ಅಂದರೆ ನನ್ನಂಥವರಿಗೆ ಕಷ್ಟ. ನಾನು 10 ಕಿಲೋಮೀಟರನ್ನು 40 ನಿಮಿಷದ ಒಳಗೆ ಮುಗಿಸಲು ವರ್ಷವಿಡೀ ಬೆವರು ಹರಿಸುತ್ತೇನೆ. ನಿಂತು ಲೋಟದಲ್ಲಿ ಕುಡಿದು ವಾಪಸ್ ಕೊಡುವುದು ಅಂದರೆ ಪ್ರತಿ ಟೇಬಲ್‌ಗೆ 10 ಸೆಕೆಂಡ್ ಹೋಯಿತು. ಬಾಟಲಿ ಹಿಡಿದು ಓಡಿದರೆ ಕೈಯ ಲಯ ಕೆಡುತ್ತದೆ. ಪರಿಸರದ ಕಾಳಜಿ ನನಗೂ ಇದೆ. ಕೆರೆ ಪಕ್ಕದಲ್ಲೇ ಬೆಳೆದವನು ನಾನು. ಆದರೆ ಸ್ಪರ್ಧೆಗೆ ಅಂತ ಬರುವವರನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ಸಪ್ತಾಪುರದ ಓಟಗಾರ್ತಿ

ತಮ್ಮಾ, ನಿಮ್ಮ ಮಾತು ನ್ಯಾಯವಾದದ್ದು. ಅಷ್ಟು ವೇಗದಲ್ಲಿ ಓಡುವವರು ಸಾವಿರದಲ್ಲಿ ಎಷ್ಟು ಜನ? ಕೆಲವರು. ಅವರಿಗೆ ಬೇಕಾದರೆ ಕಪ್ ಇಡೋಣ. ಕೆಲವರಿಗಾಗಿ ಸಾವಿರ ಜನಕ್ಕೂ ಬಿಸಾಡುವ ಕಪ್ ಕೊಡಬೇಕಿಲ್ಲ ಅಲ್ವಾ?

ತೋಳನಕೆರೆ ಹತ್ತಿರ

ನಾನು ಇಲ್ಲಿ ಬರೆಯುವುದು ಅಪರೂಪ. ಈ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅವ್ವ ಪೌರಕಾರ್ಮಿಕಳು. ಓಟ ಇರುವ ಭಾನುವಾರ ಅವಳಿಗೆ ಹೇಗಿರುತ್ತದೆ ಎಂದು ನಿಮಗೆ ತಿಳಿಯಲಿ.

ಬಿದ್ದ ಕಪ್ ಹಾಗೇ ಗುಂಡಗೆ ಇದ್ದರೆ ಕಸಬರಿಗೆಗೆ ಬರುತ್ತದೆ. ಆದರೆ ಹಾಗೆ ಇರುವುದಿಲ್ಲ. ನೂರಾರು ಜನ ಅದನ್ನು ತುಳಿದಿರುತ್ತಾರೆ. ಕಾಗದದ ಕಪ್ ನೀರಿನಲ್ಲಿ ನೆನೆದು ಚಪ್ಪಟೆಯಾಗಿ ಡಾಂಬರಿಗೆ ಅಂಟಿಕೊಳ್ಳುತ್ತದೆ. ಗುಡಿಸಿದರೆ ಬರುವುದಿಲ್ಲ. ಬಗ್ಗಿ, ಉಗುರು ಹಾಕಿ ಒಂದೊಂದೇ ಕೀಳಬೇಕು. ಸಿಹಿ ಪಾನೀಯದ ಕಪ್ ಆದರೆ ಇನ್ನೂ ಕಷ್ಟ. ಅಂಟು, ಮಣ್ಣು, ಇರುವೆ. ಅವ್ವನ ಸೊಂಟ ಹಿಡಿದುಕೊಳ್ಳುವುದು ಇಂಥ ದಿನಗಳಲ್ಲೇ. ರಸ್ತೆ ಬದಿಯ ಗಟಾರಕ್ಕೆ ಹೋದ ಕಪ್‌ಗಳನ್ನು ಮತ್ತೆ ಸಲಿಕೆಯಿಂದ ತೆಗೆಯಬೇಕು. ಅದನ್ನು ಮಾಡುವುದೂ ಇದೇ ಜನ.

ಓಟ ಮಾಡುವವರು ವೇದಿಕೆ ಮೇಲೆ ಪೌರಕಾರ್ಮಿಕರಿಗೆ ಶಾಲು ಹೊದಿಸುತ್ತಾರೆ. ಅದು ಒಳ್ಳೆಯದೇ, ಅವ್ವ ಆ ಶಾಲನ್ನು ಜೋಪಾನವಾಗಿ ಇಟ್ಟಿದ್ದಾಳೆ. ಆದರೆ ಅವಳನ್ನು ಕೇಳಿದೆ, ಓಟದವರು ಏನು ಮಾಡಬೇಕು ಅಂತ. ಅವಳು ಹೇಳಿದ್ದು ಎರಡು. ಸಿಪ್ಪೆಯನ್ನೂ ಕಪ್ಪನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಮತ್ತು ಚೀಲ ಕಟ್ಟಿ ಎಲ್ಲಿಡುತ್ತೀರಿ, ಗಾಡಿ ಎಷ್ಟೊತ್ತಿಗೆ ಬರಬೇಕು ಎನ್ನುವುದನ್ನು ಮೊದಲೇ ಹೇಳಿ. ಚೀಲಗಳು ಮಧ್ಯಾಹ್ನದವರೆಗೆ ರಸ್ತೆಯಲ್ಲಿ ಬಿದ್ದಿದ್ದರೆ ನಾಯಿ, ದನ ಬಂದು ಹರಿದು ಹಾಕುತ್ತವೆ. ಆಮೇಲೆ ಮತ್ತೆ ಮೊದಲಿನಿಂದ ಕೆಲಸ.

ವಿದ್ಯಾನಗರ, ಹುಬ್ಬಳ್ಳಿ

ಇದನ್ನು ಬರೆದಿದ್ದಕ್ಕೆ ಧನ್ಯವಾದ ತಮ್ಮಾ. ಅವ್ವನಿಗೆ ನಮಸ್ಕಾರ ಹೇಳು. ನಮ್ಮ ಸ್ವಯಂಸೇವಕರ ಸಭೆಯಲ್ಲಿ ನಿನ್ನ ಬರಹವನ್ನು ಓದುತ್ತೇನೆ.

ಮಂಗಲ ಕಾರ್ಯಾಲಯದ ಅಡುಗೆಯವರು

ನಮ್ಮದು ಅಡುಗೆ ಮತ್ತು ಪಾತ್ರೆ ಬಾಡಿಗೆ. ಬಿಸಾಡುವ ಕಪ್ ಬದಲು ಸ್ಟೀಲ್ ಲೋಟ ಇಡುವ ಬಗ್ಗೆ ನಾನು ಹೇಳಬಲ್ಲೆ. ಮದುವೆಗೆ, ಗೃಹಪ್ರವೇಶಕ್ಕೆ, ಮಠದ ದಾಸೋಹಕ್ಕೆ ಸಾವಿರಗಟ್ಟಲೆ ಲೋಟ ಕೊಟ್ಟು ತಂದು ರೂಢಿ ಇದೆ. ಓಟಕ್ಕೆ ಯಾಕೆ ಆಗಬಾರದು? ಖಂಡಿತ ಆಗುತ್ತದೆ. ಆದರೆ ದಾರಿ ಮಧ್ಯೆ ಬೇಡ. ಮುಗಿಯುವ ಜಾಗದಲ್ಲಿ ಇಡಿ.

ಕಾರಣ ಹೇಳುತ್ತೇನೆ. ದಾರಿಯ ಟೇಬಲ್‌ನಲ್ಲಿ ತೊಳೆಯಲು ಜಾಗವಿಲ್ಲ, ಲೋಟ ಕಳೆಯುತ್ತದೆ, ಓಡುವವರ ಕೈಯಿಂದ ಬಿದ್ದು ಸದ್ದು. ಮುಗಿಯುವ ಜಾಗದಲ್ಲಿ ಎಲ್ಲರೂ ನಿಂತಿರುತ್ತಾರೆ. ಅಲ್ಲೇ ಮಜ್ಜಿಗೆ, ನಿಂಬೆ ಪಾನಕ, ಚಹಾ, ನಾಷ್ಟಾ. ನಿಮ್ಮ ಕಸದ ದೊಡ್ಡ ರಾಶಿ ಆಗುವುದೂ ಅಲ್ಲೇ. ಲೋಟ ಕೊಡುವ ಬಾಗಿಲು ಒಂದು ಕಡೆ, ವಾಪಸ್ ಇಡುವ ಬುಟ್ಟಿ ಹೊರಗೆ ಹೋಗುವ ದಾರಿಯಲ್ಲಿ. ತೊಳೆಯಲು ಮೂರು ದೊಡ್ಡ ಟಬ್ ನೀರು ಸಾಕು: ಒಂದರಲ್ಲಿ ಸಾಬೂನು, ಎರಡನೆಯದರಲ್ಲಿ ತೊಳೆಯುವುದು, ಮೂರನೆಯದರಲ್ಲಿ ಬಿಸಿನೀರು. ತೊಳೆಯಲು ಬರುವ ಹೆಣ್ಣುಮಕ್ಕಳಿಗೆ ಸರಿಯಾದ ಕೂಲಿ ಕೊಡಿ, ಭಾನುವಾರ ನಸುಕಿನಲ್ಲಿ ಕರೆಸುತ್ತೀರಿ ಎನ್ನುವುದು ನೆನಪಿರಲಿ.

ನಾಷ್ಟಾಕ್ಕೆ ಇನ್ನೊಂದು ಸಲಹೆ. ಒದ್ದೆ ತಿಂಡಿ ಕಡಿಮೆ ಮಾಡಿ. ಸಾಂಬಾರು, ಚಟ್ನಿಗೆ ಅಂತ ಬಟ್ಟಲು, ಚಮಚ ಎಲ್ಲ ಬೇಕಾಗುತ್ತದೆ. ಉಪ್ಪಿಟ್ಟು, ಶಿರಾ ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಕೊಟ್ಟರೆ ಕೈಯಲ್ಲೇ ತಿನ್ನಬಹುದು. ಸುಸ್ಲಾ, ಶೇಂಗಾ ಚಿಕ್ಕಿ, ಬಾಳೆಹಣ್ಣು ಕೊಟ್ಟರೆ ಓಡಿ ಬಂದವರಿಗೂ ಒಳ್ಳೆಯದು. ಚಿಕ್ಕಿಯನ್ನು ಒಂದೊಂದೇ ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದು ತರಬೇಡಿ. ಡಬ್ಬಿಯಲ್ಲಿ ತಂದು ಇಕ್ಕಳದಿಂದ ಹಂಚಿ.

ಗೋಕುಲ ರಸ್ತೆ

ಅಡುಗೆಯವರೇ, ಎಲ್ಲ ಸರಿ. ಆದರೆ ತೊಳೆಯಲು ನೀರು? ನಮ್ಮ ವಾರ್ಡಿನಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುತ್ತೇವೆ. ಸವದತ್ತಿ ಹತ್ತಿರದ ಮಲಪ್ರಭಾ ಅಣೆಕಟ್ಟಿನಿಂದ ಅಷ್ಟು ದೂರ ಪೈಪಿನಲ್ಲಿ ಬರುವ ನೀರು. ಕಸ ಉಳಿಸಲು ಹೋಗಿ ನೀರು ಕಳೆದರೆ ಅದೂ ಸರಿಯಲ್ಲ.

ಮಂಗಲ ಕಾರ್ಯಾಲಯದ ಅಡುಗೆಯವರು

ಕೇಳಬೇಕಾದ ಪ್ರಶ್ನೆಯೇ. ಹರಿಯುವ ನಲ್ಲಿಯ ಕೆಳಗೆ ತೊಳೆದರೆ ನೀರು ಬಹಳ ಹೋಗುತ್ತದೆ. ಅದಕ್ಕೇ ಟಬ್ ಎಂದೆ. ಒಂದು ಲೋಟಕ್ಕೆ ಅರ್ಧ ಲೀಟರ್ ಎಂದು ಧಾರಾಳವಾಗಿ ಹಿಡಿದರೂ ಸಾವಿರ ಲೋಟಕ್ಕೆ 500 ಲೀಟರ್. ಅಂದರೆ 20 ಲೀಟರಿನ 25 ಕ್ಯಾನ್. ಈಗ ಬಾಟಲಿ ಲೆಕ್ಕ ನೋಡಿ. ಸಾವಿರ ಜನಕ್ಕೆ 200 ಮಿಲಿಯ ಎರಡೆರಡು ಬಾಟಲಿ ಎಂದರೆ 400 ಲೀಟರ್ ಕುಡಿಯುವ ನೀರು. ಅರ್ಧ ಕುಡಿದು ಎಸೆದರೆ 200 ಲೀಟರ್ ಶುದ್ಧ ನೀರು ರಸ್ತೆಗೆ. ಲೋಟ ತೊಳೆಯಲು ಬೋರ್‌ವೆಲ್ ನೀರು ಸಾಕು, ಸಾಬೂನು ಕಡಿಮೆ ಹಾಕಿದರೆ ತೊಳೆದ ನೀರನ್ನು ಗಿಡಗಳಿಗೂ ಬಿಡಬಹುದು.

ಕಪ್ಪತಗುಡ್ಡದ ಸೆರಗು, ಗದಗ

ಗದಗದಿಂದ ಬರೆಯುತ್ತಿದ್ದೇನೆ. ನಾವು ಡಾಂಬರು ರಸ್ತೆಗಿಂತ ಗುಡ್ಡದ ದಾರಿಯಲ್ಲಿ ಓಡುವುದು ಜಾಸ್ತಿ. ಗುಡ್ಡದ ಓಟಗಳಲ್ಲಿ ಈ ಪ್ರಶ್ನೆಗೆ ಜಗತ್ತಿನಲ್ಲಿ ಎಷ್ಟೋ ಕಡೆ ಉತ್ತರ ಸಿಕ್ಕಾಗಿದೆ. ಕಪ್ ಕೊಡುವುದೇ ಇಲ್ಲ. ಯುರೋಪಿನ ಮೌಂಟ್ ಬ್ಲಾಂಕ್ ಸುತ್ತ ನಡೆಯುವ ಯುಟಿಎಂಬಿ ಓಟದಲ್ಲಿ ಪ್ರತಿ ಓಟಗಾರ ತನ್ನ ಕಪ್ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು, ಅದು ಕಡ್ಡಾಯ ಸಾಮಾನಿನ ಪಟ್ಟಿಯಲ್ಲೇ ಇದೆ. ಮಡಚುವ ಸಿಲಿಕೋನ್ ಕಪ್ ಆದರೆ ಚಡ್ಡಿಯ ಜೇಬಿನಲ್ಲಿ ಕೂರುತ್ತದೆ, ತೂಕವೇ ಇಲ್ಲ.

ನಮಗೆ ಇದು ಹಟದ ವಿಷಯ. ಕಪ್ಪತಗುಡ್ಡವನ್ನು ಉಳಿಸಿಕೊಳ್ಳಲು ಈ ಭಾಗದ ಜನ ಎಷ್ಟೋ ವರ್ಷ ಹೋರಾಡಿದ್ದಾರೆ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿನ ಹುಲ್ಲಿನಲ್ಲಿ ಒಂದು ಜೆಲ್ ಕವರ್ ಬಿದ್ದರೆ ಅದನ್ನು ಹುಡುಕುವವರು ಯಾರು? ಜೆಲ್ ಕವರ್ ಹರಿದಾಗ ಬರುವ ಮೇಲಿನ ಚೂರು ಇನ್ನೂ ಸಣ್ಣದು, ಅದು ಕೈಗೂ ಕಸಬರಿಗೆಗೂ ಸಿಗುವುದಿಲ್ಲ. ಈ ಕವರ್ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳನ್ನು ಅಂಟಿಸಿ ಮಾಡಿದ್ದು, ಬಿಡಿಸಿ ಮರುಬಳಕೆ ಮಾಡುವುದು ಕಷ್ಟ.

ನಾವು ಮಾಡುವುದು ಇಷ್ಟು. ಓಟಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಜೆಲ್, ಚಾಕೊಲೇಟ್ ಕವರ್ ಮೇಲೆ ಬಿಬ್ ನಂಬರ್ ಬರೆಯಬೇಕು. ಮಾರ್ಕರ್ ಪೆನ್ನು ನಾವೇ ಇಡುತ್ತೇವೆ. ದಾರಿಯಲ್ಲಿ ಸಿಕ್ಕರೆ ಯಾರದ್ದು ಎಂದು ಗೊತ್ತಾಗುತ್ತದೆ. ಹೆಸರು ಬರೆದ ವಸ್ತುವನ್ನು ಮನುಷ್ಯ ಸುಮ್ನೆ ಬಿಸಾಡುವುದಿಲ್ಲ. ನಿಮ್ಮ 10 ಕಿಲೋಮೀಟರಿಗೆ ಜೆಲ್ ಬೇಕಾಗಿಯೇ ಇಲ್ಲ, ಆದರೆ ಹಾಫ್ ಮ್ಯಾರಥಾನ್ ಮಾಡುವವರು ಇದನ್ನು ನೆನಪಿಡಿ.

ನಿಮ್ಮ ರಸ್ತೆ ಓಟಕ್ಕೂ ಒಂದು ಉಪಾಯ ಇದೆ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಿಗೆ ದಾರಿಯಲ್ಲಿ ನೀರು ಹೇಗೆ ಕೊಡುತ್ತಿದ್ದರು? ತಂಬಿಗೆಯಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಕುಡಿದು, ಮುಖಕ್ಕೂ ಹಾಕಿಕೊಂಡು ಮುಂದೆ ಹೋಗುವುದು. ಓಟದ ನೀರಿನ ಟೇಬಲ್ ಅಂದರೆ ಅರವಟ್ಟಿಗೆಯೇ ಅಲ್ವೇ? ಕಪ್ ತರದವರಿಗೆ ಬೊಗಸೆ ಇದ್ದೇ ಇದೆ.

ಹಳೇ ಹುಬ್ಬಳ್ಳಿ ಹುಡುಗ

ಬೊಗಸೆ ನನಗೆ ಒಪ್ಪಿಗೆ ಅಣ್ಣಾ. ನಿಜ ಹೇಳಬೇಕೆಂದರೆ ಕಪ್‌ಗಿಂತ ಅದು ಬೇಗ ಆಗುತ್ತದೆ. ತಲೆ ಮೇಲೆ ಹೊಯ್ದರೂ ಸಂತೋಷ.

ಡಾಕ್ಟರ್, ನವನಗರ

ಒಂದು ಎಚ್ಚರಿಕೆ ಹೇಳಲೇಬೇಕು. ಕಸ ಕಡಿಮೆ ಮಾಡುವ ಉತ್ಸಾಹದಲ್ಲಿ ನೀರನ್ನೇ ಕಡಿಮೆ ಮಾಡಬೇಡಿ. ನೀರು ಧಾರಾಳವಾಗಿರಲಿ, ಪಾತ್ರೆ ಮಾತ್ರ ಬದಲಾಗಲಿ.

ಆದರೆ ಟೇಬಲ್‌ಗಳ ಸಂಖ್ಯೆ ಯೋಚಿಸಿ ಇಡಬಹುದು. ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಲ್ಲಿ 10 ಕಿಲೋಮೀಟರ್ ತನಕದ ಓಟಕ್ಕೆ, ಹವಾಮಾನ ನೋಡಿಕೊಂಡು, ಸುಮಾರು 2ರಿಂದ 3 ಕಿಲೋಮೀಟರಿಗೆ ಒಂದು ಕಡೆ ನೀರು ಎಂದಿದೆ. ಅದಕ್ಕಿಂತ ದೊಡ್ಡ ಓಟಕ್ಕೆ ಸುಮಾರು 5 ಕಿಲೋಮೀಟರಿಗೆ ಒಂದು. ನಮ್ಮಲ್ಲಿ ಕೆಲವು ಓಟಗಳಲ್ಲಿ ಪ್ರತಿ ಕಿಲೋಮೀಟರಿಗೂ ಟೇಬಲ್ ಇಟ್ಟು, ಬಾಯಾರಿಕೆ ಇಲ್ಲದವರ ಕೈಗೂ ಕಪ್ ತುರುಕುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಬಾಯಾರಿಕೆ ಆದಾಗ ಕುಡಿದರೆ ಸಾಕು. ಬೇಕಾಗಿದ್ದಕ್ಕಿಂತ ಬಹಳ ಜಾಸ್ತಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಅಪಾಯವೇ, ಮುಖ್ಯವಾಗಿ ತುಂಬ ಹೊತ್ತು ನಿಧಾನವಾಗಿ ಓಡುವವರಿಗೆ.

ಜನವರಿಯ ಬೆಳಗಿನ 5 ಕಿಲೋಮೀಟರಿಗೆ ಮಧ್ಯದಲ್ಲಿ ಒಂದು ಟೇಬಲ್ ಸಾಕು. 10ಕ್ಕೆ ಮೂರು. ಮಾರ್ಚ್ ಆದಮೇಲೆ ಓಟ ಇಟ್ಟರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಹೆಚ್ಚು ಬೇಕು. ಮತ್ತು ಪ್ರತಿ ಟೇಬಲ್ ಕೆಳಗೆ ಒಂದಿಷ್ಟು ಕಪ್ ತುರ್ತಿಗೆ ಇಟ್ಟಿರಿ. ತಲೆ ಸುತ್ತಿ ಕುಳಿತವರಿಗೆ ಬೊಗಸೆಯಲ್ಲಿ ಕುಡಿಯಿರಿ ಎನ್ನಲಾಗದು.

ಹಾವೇರಿಯವ, ಈಗ ಬೆಂಗಳೂರು

ಡಾಕ್ಟರ್ ಹೇಳಿದ ಟೇಬಲ್ ಸಂಖ್ಯೆಯ ಮಾತಿಗೆ ದೊಡ್ಡ ಓಟದ ಉದಾಹರಣೆ ಇದೆ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಕಡಲಕಳೆಯಿಂದ ಮಾಡಿದ ಪೊರೆಯೊಳಗೆ ಪಾನೀಯ ತುಂಬಿ, 23ನೇ ಮೈಲಿಯ ಹತ್ತಿರ 30 ಸಾವಿರಕ್ಕೂ ಹೆಚ್ಚು ಉಂಡೆ ಹಂಚಿದರು. ಬಾಯಿಗೆ ಹಾಕಿ ಕಚ್ಚಿ ಕುಡಿಯುವುದು, ಪೊರೆಯನ್ನೂ ನುಂಗಬಹುದು. ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಆದರೆ ಅದೇ ವರ್ಷ ಅವರು ಪಾನೀಯದ ಟೇಬಲ್‌ಗಳನ್ನು 26ರಿಂದ 19ಕ್ಕೆ ಇಳಿಸಿದರು. 2018ರಲ್ಲಿ 9 ಲಕ್ಷ 20 ಸಾವಿರ ಇದ್ದ ಪ್ಲಾಸ್ಟಿಕ್ ಬಾಟಲಿ 2019ರಲ್ಲಿ 7 ಲಕ್ಷ 4 ಸಾವಿರಕ್ಕೆ ಬಂತು. ಉಂಡೆ 30 ಸಾವಿರ, ಕಡಿಮೆಯಾದ ಬಾಟಲಿ 2 ಲಕ್ಷಕ್ಕೂ ಜಾಸ್ತಿ. ಹೊಸ ವಸ್ತು ಹುಡುಕುವುದಕ್ಕಿಂತ ಹಂಚುವುದನ್ನು ಕಡಿಮೆ ಮಾಡಿದ್ದೇ ಹೆಚ್ಚು ಫಲ ಕೊಟ್ಟಿದೆ ಅಂತ ನನಗೆ ಕಾಣುತ್ತದೆ.

ಗೋಕುಲ ರಸ್ತೆ

ಕಾಗದದ ಕಪ್ ಆದರೆ ಮಣ್ಣಾಗುತ್ತದೆ, ತೊಂದರೆ ಇಲ್ಲ ಎಂದು ನಮ್ಮ ಬಳಗದವರು ಹೇಳುತ್ತಾರೆ. ಹೌದಾ? ಅದರಿಂದ ಪ್ಲಾಸ್ಟಿಕ್ ಕಣ ಹೊಟ್ಟೆಗೆ ಹೋಗುತ್ತದೆ ಎಂದೂ ಓದಿದ್ದೆ.

ಡಾಕ್ಟರ್, ನವನಗರ

ನೀವು ಓದಿದ್ದು 2020ರ ಐಐಟಿ ಖರಗ್‌ಪುರದ ಅಧ್ಯಯನ ಇರಬೇಕು. ಅದು ಬಿಸಿ ಪಾನೀಯದ್ದು. ಬಿಸಿನೀರು 15 ನಿಮಿಷ ಕಪ್‌ನಲ್ಲಿ ಇದ್ದರೆ ಸುಮಾರು 25 ಸಾವಿರ ಸೂಕ್ಷ್ಮ ಕಣ ಬಿಡುತ್ತದೆ ಎಂದು ಅವರು ತೋರಿಸಿದರು. ಓಟದ ತಣ್ಣೀರಿಗೆ ಅದನ್ನು ಹಾಗೇ ಹೇಳಲು ಬರುವುದಿಲ್ಲ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮಾಮೂಲಿ ಕಾಗದದ ಕಪ್ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದಿಲ್ಲದಿದ್ದರೆ ನೀರು ನಿಲ್ಲುವುದೇ ಇಲ್ಲ. ಕಾಗದ ಕೊಳೆತರೂ ಆ ಪದರ ಉಳಿಯುತ್ತದೆ.

ಶಾಲಾ ಮೇಷ್ಟ್ರು, ಹಾವೇರಿ ಜಿಲ್ಲೆ

ಮಕ್ಕಳ ಓಟದ ಬಗ್ಗೆ ಒಂದು ಮಾತು. ನಮ್ಮ ಶಾಲೆಯ ಓಟದಲ್ಲಿ ಮಕ್ಕಳು ಮನೆಯಿಂದ ತಂದ ನೀರಿನ ಬಾಟಲಿಯನ್ನೇ ಬಳಸುತ್ತಾರೆ. ದಿನಾ ಶಾಲೆಗೆ ತರುವ ಬಾಟಲಿ, ಹೊಸದೇನೂ ಬೇಕಿಲ್ಲ. ಮುಗಿಯುವ ಕಡೆ ತರಗತಿವಾರು ಸಾಲಾಗಿ ಇಟ್ಟಿರುತ್ತೇವೆ, ಓಡಿ ಬಂದವರು ತಮ್ಮದನ್ನು ತಾವೇ ಹುಡುಕಿಕೊಳ್ಳುತ್ತಾರೆ. ಮಕ್ಕಳು ಈ ನಿಯಮವನ್ನು ಎಂದೂ ಪ್ರಶ್ನಿಸಿಲ್ಲ. ಪ್ರಶ್ನೆ ಬರುವುದು ಪ್ರಾಯೋಜಕರಿಂದ. "ನಮ್ಮ ಹೆಸರಿರುವ ಬಾಟಲಿ ಹಂಚುತ್ತೇವೆ" ಎನ್ನುತ್ತಾರೆ. ಅವರ ಹೆಸರನ್ನು ನೀರಿನ ಡ್ರಮ್ ಮೇಲೆ ಬಟ್ಟೆಯಲ್ಲಿ ಬರೆಸಿ ಕಟ್ಟುತ್ತೇವೆ ಎಂದರೆ ಒಪ್ಪುತ್ತಾರೆ. ಕೇಳಿ ನೋಡಿ.

ಸಪ್ತಾಪುರದ ಓಟಗಾರ್ತಿ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಮನಸಾರೆ ಧನ್ಯವಾದ. ನಿಮ್ಮ ಬರಹಗಳನ್ನು ಬಳಗದ ಸಭೆಯಲ್ಲಿ ಇಟ್ಟೆ. ಒಪ್ಪಿಕೊಂಡಿದ್ದು, ಒಪ್ಪದ್ದು ಎರಡನ್ನೂ ಹೇಳುತ್ತೇನೆ.

ದಾರಿಯಲ್ಲಿ ಮೂರು ಟೇಬಲ್. ಬಿಸಾಡುವ ಕಪ್ ಇಲ್ಲ, ತುರ್ತಿನವು ಮತ್ತು ವೇಗದ ಓಟಗಾರರಿಗೆ ಕೇಳಿದರೆ ಕೊಡುವ ಸ್ವಲ್ಪ ಬಿಟ್ಟು. ಎಲ್ಲರೂ ತಮ್ಮ ಕಪ್ ಅಥವಾ ಬಾಟಲಿ ತರಬೇಕು ಎಂದು ನೋಂದಣಿಯ ದಿನವೇ ಹೇಳುತ್ತೇವೆ, ಬಿಬ್ ಕೊಡುವಾಗ ಇನ್ನೊಮ್ಮೆ. ತರದವರಿಗೆ ಬೊಗಸೆ. ಕ್ಯಾನಿನ ನಲ್ಲಿ ನಿಧಾನ, ಸಾಲು ನಿಲ್ಲುತ್ತದೆ, ಆದ್ದರಿಂದ ಪ್ರತಿ ಟೇಬಲ್‌ನಲ್ಲಿ ಜಗ್ ಮತ್ತು ತಂಬಿಗೆ ಹಿಡಿದು ಎಂಟು ಜನ. ಕೆಲಗೇರಿ ಕೆರೆಯ ದಂಡೆಗೆ ಹತ್ತಿರ ಇಡಬೇಕೆಂದಿದ್ದ ಟೇಬಲ್ಲನ್ನು ಹಿಂದಕ್ಕೆ ತರುತ್ತೇವೆ. ಕೆರೆಯ ಪಕ್ಕದಲ್ಲಿ ಏನನ್ನೂ ಹಂಚುವುದಿಲ್ಲ. ಮುಗಿಯುವ ಕಡೆ ಸ್ಟೀಲ್ ಲೋಟ, ಪತ್ರಾವಳಿ, ಉಪ್ಪಿಟ್ಟು, ಮಜ್ಜಿಗೆ.

ಫ್ಲೆಕ್ಸ್ ಬಗ್ಗೆ ಬಹಳ ಹೊತ್ತು ಮಾತಾಯಿತು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚದ ಜೊತೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಬಲೂನಿನ ಕಡ್ಡಿ, ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಇದನ್ನು ಓದಿ ಹೇಳಿದ ಮೇಲೆ ಬಟ್ಟೆಯ ಬ್ಯಾನರ್‌ಗೆ ಒಪ್ಪಿದರು, ಅದರಲ್ಲಿ ವರ್ಷ ಬರೆಸುವುದಿಲ್ಲ, ಮುಂದಿನ ಸಲವೂ ಬರಲಿ ಅಂತ. ಶುರುವಿಗೆ ಬಣ್ಣದ ಕಾಗದದ ಚೂರು ಹಾರಿಸುವುದು ಬೇಡವೆಂದೆ. ಅದಕ್ಕೆ ಬದಲಾಗಿ ಡೊಳ್ಳಿನವರನ್ನು ಕರೆಯೋಣ ಎಂದರು. ಅದಕ್ಕಿಂತ ಚೆನ್ನಾದ ಶುರು ಬೇರೆ ಏನಿದೆ?

ಒಪ್ಪದ್ದು ಟೀ ಶರ್ಟ್. ಬೇಕು ಎನ್ನುವವರಿಗೆ ಮಾತ್ರ ಕೊಡೋಣ, ಬೇಡದವರಿಗೆ ಶುಲ್ಕ ಕಡಿಮೆ ಮಾಡೋಣ ಎಂದಿದ್ದೆ. ಪ್ರಾಯೋಜಕರು ಎಲ್ಲರಿಗೂ ಕೊಡಲೇಬೇಕು ಎನ್ನುತ್ತಿದ್ದಾರೆ. ಒಂದೊಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತದೆ, ಅಳತೆವಾರು ಕಟ್ಟಿ ಕಳಿಸಿ ಎನ್ನುವುದಕ್ಕೆ ಮಾತ್ರ ಒಪ್ಪಿದ್ದಾರೆ. ನನಗೆ ಇದು ಸಮಾಧಾನ ತಂದಿಲ್ಲ, ಇನ್ನೊಮ್ಮೆ ಮಾತಾಡುತ್ತೇನೆ. ಹಾವೇರಿಯ ಮೇಷ್ಟ್ರು ಹೇಳಿದ ಬಟ್ಟೆಯ ಉಪಾಯವನ್ನೂ ಅವರ ಮುಂದೆ ಇಡುತ್ತೇನೆ.

ಪಾಲಿಕೆಗೆ ಪತ್ರ ಬರೆದಾಯಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ 3 ಕೆಲಸದ ದಿನ ಮೊದಲು ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಿ ಕೊಡುವುದು ಆಯೋಜಕರ ಹೊಣೆ ಎಂದಿತ್ತು. ನಾವು ಮೂರು ವಾರ ಮೊದಲೇ ತಿಳಿಸಿದ್ದೇವೆ. ತೋಳನಕೆರೆಯ ತಮ್ಮನ ಅವ್ವ ಹೇಳಿದ ಹಾಗೆ ಚೀಲಗಳ ಜಾಗ ಮತ್ತು ಗಾಡಿಯ ಹೊತ್ತು ಪತ್ರದಲ್ಲೇ ಇದೆ. ಸಿಪ್ಪೆ, ಎಲೆ ಒಂದು ಕಡೆ, ಒಣ ಕಸ ಒಂದು ಕಡೆ. ಸಿಪ್ಪೆ ಮತ್ತು ಪತ್ರಾವಳಿಯನ್ನು ಗೊಬ್ಬರಕ್ಕೆ ಕೊಂಡೊಯ್ಯಲು ಊರ ಹೊರಗಿನ ಒಬ್ಬ ರೈತರು ಒಪ್ಪಿದ್ದಾರೆ.

ತೋಳನಕೆರೆ ಹತ್ತಿರ

ಅವ್ವನಿಗೆ ಓದಿ ಹೇಳಿದೆ. ಗಾಡಿಯ ಚಾಲಕನ ಫೋನ್ ನಂಬರ್ ಸ್ವಯಂಸೇವಕರ ಹತ್ತಿರ ಇರಲಿ, ಪತ್ರ ಒಂದೇ ಸಾಲದು ಅಂದಳು. ನಾನು ಆ ದಿನ ಬರುತ್ತೇನೆ. ಕೊನೆಯ ಬುಟ್ಟಿಯ ಹತ್ತಿರ ಕೂಗುವ ಕೆಲಸ ನನಗೆ ಕೊಡಿ.

ವಿದ್ಯಾನಗರ, ಹುಬ್ಬಳ್ಳಿ

ಬಾ ತಮ್ಮಾ, ಆ ಜಾಗ ನಿನ್ನದೇ. ಅಕ್ಕಾ, ಕಪ್ ಇಲ್ಲದಿದ್ದರೂ ಬುಟ್ಟಿ ಬೇಕೇ ಬೇಕು, ಜನ ತಾವು ತಂದಿದ್ದನ್ನೂ ಎಸೆಯುತ್ತಾರೆ. 100 ಮೀಟರಿನ ಅಳತೆ ನಾನು ಹಿಂದಿನ ದಿನವೇ ಸುಣ್ಣ ಹಾಕಿ ಗುರುತು ಮಾಡುತ್ತೇನೆ. ಹುಬ್ಬಳ್ಳಿಯಿಂದ ಹನ್ನೆರಡು ಹುಡುಗರನ್ನು ಕರೆತರುತ್ತೇನೆ. ಇನ್ನೂ ಹನ್ನೆರಡು ಜನ ಧಾರವಾಡದವರು ಬೇಕು, ತಂಬಿಗೆ ಮನೆಯಿಂದಲೇ ತರಲಿ.

ಹಳೇ ಹುಬ್ಬಳ್ಳಿ ಹುಡುಗ

ನನ್ನ ಓಟ ಮುಗಿದ ಕೂಡಲೇ ಎರಡನೇ ಟೇಬಲ್‌ಗೆ ವಾಪಸ್ ಬಂದು ನೀರು ಹೊಯ್ಯುತ್ತೇನೆ. ನನ್ನ ಕಡೆಯಿಂದ ಇನ್ನೂ ಮೂವರು ಬರುತ್ತಾರೆ, ಹೆಸರು ಬರೆದುಕೊಳ್ಳಿ.